ಸೋಮವಾರದ ಸಿಂಬಿ

"ಸೋಮವಾರ ನಾವು ಎತ್ತು ಹೂಡಂಗಿಲ್ರೀ," ಎಂದಳು ಶೇಖರಮ್ಮ. ಮಸ್ಕಿಯ ಚಾವಡಿಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಲಿಂಗಸುಗೂರಿಗೆ ಹೊರಟಿದ್ದ ಕಂದಾಯದ ಗಿರ್ದಾವರ ಸಾಹೇಬರು ತಮ್ಮ ಟ್ರಂಕು ಸಾಗಿಸಲು ಅವಳ ಬಂಡಿಯನ್ನು ಬಿಟ್ಟಿಗೆ ಕೇಳಿದ್ದರು. ನಿಜಾಮರ ನೌಕರರಿಗೆ ಇಲ್ಲ ಎಂದವರ ಬೆನ್ನಿನ ಗತಿ ಏನೆಂಬುದು ಚಾವಡಿಯ ಆಳು ವಾಲಿಕಾರ ನರಸಣ್ಣನಿಗೆ ಚೆನ್ನಾಗಿ ಗೊತ್ತಿತ್ತು.

"ಹುಕುಂ ಖಡಕ್ ಐತಿ ಯಕ್ಕಾ, ಹೂಡಿಬಿಡು," ಎಂದು ಪಿಸುಗುಟ್ಟಿದ. ಅವನ ಬಾಯಲ್ಲಿ ಎಲ್ಲವೂ ಖಡಕ್ಕೇ. ಒಣಗಿದ ರೊಟ್ಟಿ ಖಡಕ್, ಚೆನ್ನಾಗಿ ಕುದ್ದ ಚಹಾ ಖಡಕ್, ಇಸ್ತ್ರಿ ಹಾಕಿದ ಅಂಗಿ ಖಡಕ್, ಮಾತುಮಾತಿಗೆ ಬೈಯುವ ಅವನ ಅತ್ತೆಯಂತೂ ಭಾರೀ ಖಡಕ್.

ಶೇಖರಮ್ಮ ಹಳೆಯ ಅರಿವೆಯೊಂದನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು. "ಇವತ್ತು ಬಸವಣ್ಣನ ಹೆಗಲಿಗೆ ನೊಗ ಇಡಂಗಿಲ್ರೀ ಸಾಹೇಬ್ರ. ನನ್ನ ತಲಿಗೆ ವಾರದ ಹಂಗಿಲ್ಲ. ಹೊರಸ್ರಿ, ನಡಕೊಂತ ಹೋಗಿ ಮುಟ್ಟಿಸಿ ಬರ್ತೀನಿ," ಎಂದು ಟ್ರಂಕಿನ ಪಕ್ಕದಲ್ಲಿ ಮಂಡಿಯೂರಿದಳು.

ಸಾಹೇಬರು ನೆರಳಲ್ಲಿ ಮೆಲುಕು ಹಾಕುತ್ತಿದ್ದ ಎತ್ತುಗಳನ್ನು ನೋಡಿದರು, ಸಿಂಬಿಯನ್ನು ನೋಡಿದರು. ಹೊಡೆಯಲು ಛಡಿ ಎತ್ತಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. "ಇರಲಿ ಬಿಡಮ್ಮಾ, ನಾಳಿ ಹೋಗೂಣು," ಎಂದರು.

ಆವತ್ತಿನಿಂದ ನರಸಣ್ಣ ಚಹಾಕ್ಕೆ ಖಡಕ್ ಅನ್ನುವುದನ್ನು ಬಿಟ್ಟ; ಆ ಮಾತು ಶೇಖರಮ್ಮನೊಬ್ಬಳಿಗೇ ಮೀಸಲಾಯಿತು.