ಮೊದಲ ಹಿಡಿ ಮಣ್ಣು

ಸೊಲ್ಲಾಪುರದಲ್ಲಿ ಫಾದರ್ ಮಾತೇವೊ ಅವರ ಶವಪೆಟ್ಟಿಗೆಯನ್ನು ಕುಣಿಗೆ ಇಳಿಸಿದ್ದರು. ಮೊದಲ ಹಿಡಿ ಮಣ್ಣು ಹಾಕಲು ಸ್ಪೇನಿನಿಂದ ಬಂದಿದ್ದ ಅವರ ತಂಗಿ ಇನೆಸ್ ಬಗ್ಗಿದಳು. ಎದುರಿಗೆ ವಳಸಂಗದ ಮುದುಕಿ ಪಾರ್ವತಿಬಾಯಿ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಬಿಕ್ಕುತ್ತಿದ್ದಳು.

“ನೀವೂ ಮಣ್ಣು ಹಾಕ್ರಿ, ಆಯಿ,” ಎಂದಳು ಪಕ್ಕದಲ್ಲಿದ್ದ ಸನ್ಯಾಸಿನಿ.

ಪಾರ್ವತಿಬಾಯಿ ಸೆರಗಿನಿಂದ ಕೈ ಹೊರತೆಗೆದಳು. “ಹ್ಯಾಂಗ ಹಾಕ್ಲಿ? ಈ ಕೈಯಾಗ ಮಣ್ಣು ನಿಲ್ಲೂದಿಲ್ಲ. ಕುಷ್ಠ ಬಂದಾಗ ಮನಿಯವ್ರೂ ನನ್ನ ಮುಟ್ಟಲಿಲ್ರಿ. ಫಾದರ್ ದಿನಾ ಬಂದು ಇದೇ ಕೈ ತೊಳದು ಪಟ್ಟಿ ಕಟ್ಟತಿದ್ರು. ಅವರಿಂದ ಬದುಕೀನಿ.”

ಸನ್ಯಾಸಿನಿ ಆ ಮಾತನ್ನು ಸ್ಪ್ಯಾನಿಷ್‌ನಲ್ಲಿ ಹೇಳುತ್ತಿದ್ದಂತೆ ಇನೆಸಳ ಕಣ್ಣು ತುಂಬಿತು. ಅಣ್ಣ ಇಷ್ಟು ವರ್ಷ ಊರಿಗೆ ಏಕೆ ಮರಳಲಿಲ್ಲವೆಂಬುದು ಅವಳಿಗೆ ಈಗ ತಿಳಿಯಿತು. ಹತ್ತಿರ ಹೋಗಿ, ತಾನು ಹಿಡಿದಿದ್ದ ಮಣ್ಣನ್ನು ಪಾರ್ವತಿಬಾಯಿಯ ಬೆರಳಿಲ್ಲದ ಅಂಗೈಗಳಿಗೆ ಸುರಿದು, ಕೆಳಗಿನಿಂದ ತನ್ನ ಬೊಗಸೆ ಒಡ್ಡಿದಳು. ಇಬ್ಬರೂ ಸೇರಿ ಮಣ್ಣು ಹಾಕಿದರು.