ಎಂಟೂ ಓಡಿದ ದಿನ

ಕಂಪ್ಯೂಟರ್ ಯಂತ್ರ ಮತ್ತೆ ಕಲ್ಲಾಯಿತು. ಯಾವ ಗುಂಡಿ ಒತ್ತಿದರೂ ಅಲ್ಲಾಡಲಿಲ್ಲ.

"ಏನಮ್ಮಾ, ನೀ ಬರೆದದ್ದು ಕೋಡಾ, ಕೋಳಿ ಕೆದಕಿದ ತಿಪ್ಪೆಯಾ?" ಎಂದ ಬೃಹಸ್ಪತಿ. ಆಫೀಸಿನವರು ಇಟ್ಟ ಹೆಸರು ಅದು. ಹೊಗಳಿಕೆ ಎಂದೇ ಅವನು ತಿಳಿದಿದ್ದ. ಮಾಲೀಕರ ಹೆಂಡತಿಗೆ ಅವನು ಅಣ್ಣ. ಅಷ್ಟೇ ಅವನ ಅರ್ಹತೆ.

ಪ್ರೋಗ್ರಾಮರ್ ಹೆಂಗಸು ಯಂತ್ರವನ್ನು ಆರಿಸಿ ಮತ್ತೆ ಶುರುಮಾಡಿದಳು. ಇಡೀ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮ್, ಅಂದರೆ ಕರ್ನೆಲ್, ಅವಳೇ ಬರೆದದ್ದು. ಎಂಟು ಪ್ರೊಸೆಸರ್‌ಗಳಲ್ಲಿ ಒಂದನ್ನೇ ಹಾಕಿದರೆ ನೀರು ಹರಿದಂತೆ ಓಡುತ್ತಿತ್ತು. ಎಂಟನ್ನೂ ಹಾಕಿದರೆ ಯಾವವೋ ಎರಡು ಒಂದೇ ಪಟ್ಟಿಗೆ ಒಟ್ಟಿಗೆ ಕೈಹಾಕುತ್ತಿದ್ದವು, ಎಲ್ಲ ನಿಲ್ಲುತ್ತಿತ್ತು. ಒಂದು ಮುಗಿಸುವವರೆಗೆ ಇನ್ನೊಂದನ್ನು ತಡೆಯುವ ಲಾಕ್ ಎಲ್ಲೋ ಒಂದು ಕಡೆ ಇರಲಿಲ್ಲ. ಮೊನ್ನೆ ಮೆಮೊರಿ ಭಾಗದಲ್ಲಿ ಎಂದು ಬೃಹಸ್ಪತಿಗೆ ಅನ್ನಿಸಿತ್ತು, ನಿನ್ನೆ ಡಿಸ್ಕ್ ಭಾಗದಲ್ಲಿ.

"ಎರಡು ತಿಂಗಳು. ನಮ್ಮನೆ ನಾಯಿಗೆ ಕಲಿಸಿದ್ರೂ ಇಷ್ಟೊತ್ತಿಗೆ ಹುಡುಕಿರೋದು. ಇವತ್ತು ನಿನ್ನ ಗಂಟುಮೂಟೆ ಕಟ್ಟಿಸ್ತೀನಿ."

"ಸರಿ ಸರ್." ಅವಳ ಮನೆಯಲ್ಲಿ ಸಂಬಳ ತರುವವಳು ಅವಳೊಬ್ಬಳೇ.

ಮೂರು ಗಂಟೆಗೆ ಬೃಹಸ್ಪತಿ ಕೋಡ್ ಮುದ್ರಿಸಿದ ಹಾಳೆಯ ಮೇಲೆ ಬೆರಳಿಟ್ಟು ನಕ್ಕ. "ಇಲ್ನೋಡು. ಕಾಯ್ತಾ ಇರೋ ಕೆಲಸಗಳ ಸಾಲಿಂದ ಒಂದನ್ನ ತೆಗೀತೀಯ. ಲಾಕ್ ಹಾಕೋದು ಯಾರು, ನಿಮ್ಮಜ್ಜಿನಾ?"

ಅವಳ ಮುಖ ಬಿಳಿಚಿತು.

ಅವನು ಲಾಕ್ ಹಾಕಿದ. ಎಂಟೂ ಓಡಿದವು. ಹತ್ತು ನಿಮಿಷ. ಒಂದು ಗಂಟೆ. ಆಫೀಸಿನವರೆಲ್ಲ ಬಾಗಿಲಲ್ಲಿ ನೆರೆದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದ ಕೋಣೆಯ ಡಿಸೈನರ್ ತಲೆಯ ಮೇಲೆ ಕೈಹೊತ್ತು ಕೂತ.

ಮಾಲೀಕರು ಬಂದರು.

"ಸಿಕ್ತು," ಎಂದ ಬೃಹಸ್ಪತಿ. "ಈ ಮಹಾತಾಯಿನ ಮೊದ್ಲು ಮನೆಗೆ ಕಳ್ಸಿ. ನಾಳೆಯಿಂದ ಉಳಿದ ಕೋಣೆಗಳನ್ನೂ ನಾನೇ ನೋಡ್ಕೋತೀನಿ."

ಮಾಲೀಕರ ಮುಖ ಹುಳ್ಳಗಾಯಿತು. "ಬಹಳ ಸಂತೋಷ ಭಾವ." ಅವಳ ಕಡೆ ತಿರುಗಿದರು. "ನೀವು ಸ್ವಲ್ಪ ಹೊರಗೆ ಬನ್ನಿ."

ಹೊರಗೆ ಬಂದು ಬಾಗಿಲು ಎಳೆದುಕೊಂಡರು. "ಏನ್ರೀ ಇದು? ಇನ್ನೂ ಆರು ತಿಂಗಳು ಸಿಗಲ್ಲ ಅಂದಿದ್ರಿ. ಇಷ್ಟಕ್ಕೂ ಆಗ್ಲಿಲ್ಲ ಅಂದ್ರೆ ನಿಮ್ಮನ್ನ ಯಾಕೆ ಇಟ್ಕೊಳ್ಳಲಿ?"

"ತಪ್ಪಾಯ್ತು ಸರ್. ಬೆಳಿಗ್ಗೆ ಅವಸರದಲ್ಲಿ ಕಣ್ಣಿಗೆ ಕಾಣೋ ಕಡೆನೇ ಲಾಕ್ ತೆಗೆದುಬಿಟ್ಟೆ. ನಾಳೆ ಎರಡು ಕಡೆ ತೆಗೀತೀನಿ."

ಸರಿಯಾದ ಕರ್ನೆಲ್ ಗಿರಾಕಿಗಳ ಯಂತ್ರಗಳಲ್ಲಿ ಎರಡು ತಿಂಗಳಿಂದ ಓಡುತ್ತಿತ್ತು. ಭಾವ ಬೇರೆ ಕೋಣೆಗಳಿಗೆ ಕಾಲಿಡದಂತೆ ದಿನಾ ಬೆಳಿಗ್ಗೆ ಈ ಒಂದು ಯಂತ್ರವನ್ನು ಕೆಡಿಸಿಡುವುದೇ ಅವಳ ಕೆಲಸ.