ಆಟದ ಪಿಸ್ತೂಲು

ಲಕ್ವ ಹೊಡೆದು ವನಜಾಕ್ಷಿಯ ಬಲಗೈ ಬಿದ್ದುಹೋಗಿತ್ತು. ವ್ಯಾಯಾಮ ಮಾಡಿಸಲು ಬರುವ ಫಿಸಿಯೋಥೆರಪಿಸ್ಟ್ ಒಂದು ಆಟದ ಪಿಸ್ತೂಲು ತಂದಿಟ್ಟಿದ್ದ. ಸ್ಪಂಜಿನ ಬಿಲ್ಲೆಯೊಂದನ್ನು ತುಂಬಿ ಟ್ರಿಗರ್ ಒತ್ತಿದರೆ ಟಪ್ಪೆಂದು ಹಾರುತ್ತಿತ್ತು. ಅವನು ಬಂದನೆಂದರೆ ಮುಚ್ಚಿದ ಕೋಣೆಯೊಳಗಿಂದ ಟಪ್ಪೆಂಬ ಸದ್ದು, ಹಿಂದೆಯೇ ಅವಳ ನಗು. ನಡುಮನೆಯಲ್ಲಿ ಕೂತ ಗಂಡ ರಂಗಪ್ಪಯ್ಯನಿಗೆ ಹೊಟ್ಟೆಯುರಿ. ತನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕವಳಲ್ಲ.

ಒಂದು ಬೆಳಿಗ್ಗೆ ಆತ ಬರುವ ಮೊದಲೇ ರಂಗಪ್ಪಯ್ಯ ಬಿಲ್ಲೆ ತುಂಬಿ, ಹೆಂಡತಿಯ ತೊಡೆಯ ಮೇಲೆ ದಿಂಬಿಟ್ಟು, ಪಿಸ್ತೂಲನ್ನು ಅವಳ ಬಲಗೈಗೆ ಹಿಡಿಸಿದ.

"ಎಲ್ಲಿ, ನನ್ನೆದುರಿಗೂ ಒಂದ್ಸಲ ಒತ್ತು."

ಬೆರಳು ಅಲುಗಲಿಲ್ಲ.

"ಗೊತ್ತಿತ್ತು. ಉಣ್ಸೋಕೆ, ಉಡ್ಸೋಕೆ ನಾನು. ಬೆರಳಾಡ್ಸೋದು, ನಗೋದು ಎಲ್ಲ ಅವನ ಮುಂದೆ."

ವನಜಾಕ್ಷಿಯ ಮುಖ ಕೆಂಪೇರಿತು. ರಂಗಪ್ಪಯ್ಯ ಬೆನ್ನು ತಿರುಗಿಸಿ ಹೊರಟ. ಟಪ್ಪೆಂದು ಬಿಲ್ಲೆ ಅವನ ಬೆನ್ನಿಗೇ ಬಡಿಯಿತು.

"ನೋಡಿದ್ರಾ?" ಎಂದ ಅವನು, ಆಗಷ್ಟೇ ಬಾಗಿಲಿಗೆ ಬಂದಿದ್ದ ಥೆರಪಿಸ್ಟನಿಗೆ. "ನಿಮ್ಮ ಹತ್ರ ಆಟ, ನನಗೆ ಏಟು."

ಥೆರಪಿಸ್ಟ್ ಅವಳ ಬೆರಳನ್ನೇ ನೋಡುತ್ತಿದ್ದ.

"ಸಾರ್, ಇಷ್ಟು ದಿನ ಒತ್ತುತಾ ಇದ್ದಿದ್ದು ನಾನು. ಅಮ್ಮಾವ್ರ ಬೆರಳು ಆಡಿದ್ದು ಇವತ್ತೇ ಮೊದಲು."